ಸ್ಮಾರ್ಟ್ ಬೋರ್ಡ್ ಬಂತು, ಕ್ವೆಶ್ಚನ್ ಪೇಪರ್ ಮಾತ್ರ ಅದೇ

ನಮ್ಮ ಕಾಲೇಜಿನ ಮೂಲೆ ರೂಮಿನಲ್ಲಿ ಒಂದು ಸ್ಮಾರ್ಟ್ ಬೋರ್ಡ್ ಇದೆ. ದೂಳು ಕೂರಬಾರದು ಅಂತ ಅದಕ್ಕೆ ಸದಾ ಒಂದು ಹಸಿರು ಬಟ್ಟೆ ಹೊದಿಸಿರುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರ ಬಟ್ಟೆ ಇಳಿಯುತ್ತದೆ, ಅಟೆಂಡರ್ ಒರೆಸುತ್ತಾರೆ, ಫೋಟೊ ತೆಗೆಯುತ್ತಾರೆ, ಆಮೇಲೆ ಮತ್ತೆ ಬಟ್ಟೆ. ಉಳಿದ ದಿನ ಯಾರಾದರೂ ಅದನ್ನು ಆನ್ ಮಾಡಿದರೆ ಪಿಡಿಎಫ್ ತೋರಿಸುವುದಕ್ಕೆ. ಪಿಡಿಎಫ್‌ನಲ್ಲಿ ಇರುವುದನ್ನು ಮೇಷ್ಟ್ರು ಓದುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ. ಮೊದಲು ಈ ಕೆಲಸವನ್ನು ಒಂದು ಡಬ್ಬಿ ಸೀಮೆಸುಣ್ಣ ಮಾಡುತ್ತಿತ್ತು.

ನಾನು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವನು. ಆ ಬೋರ್ಡನ್ನು ಪಿಡಿಎಫ್‌ಗೆ ಬಳಸಿದವರಲ್ಲಿ ನಾನೂ ಒಬ್ಬ. ಹಾಗಾಗಿ ಯಾರನ್ನೂ ಹಂಗಿಸುತ್ತಿಲ್ಲ. ನನಗೆ ಕಾಡುವ ಪ್ರಶ್ನೆ ಬೇರೆ. ಇಪ್ಪತ್ತು ವರ್ಷದಿಂದ ನಮ್ಮ ಕಾಲೇಜುಗಳಿಗೆ ಒಂದರ ಹಿಂದೆ ಒಂದು ಯಂತ್ರ ಬಂದಿವೆ. ಪಾಠ ಯಾಕೆ ಇದ್ದಲ್ಲೇ ಇದೆ?

ಈ ಕಥೆ ಕರ್ನಾಟಕದಲ್ಲಿ ಆಕಾಶದಿಂದಲೇ ಶುರುವಾಯಿತು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಎಡುಸ್ಯಾಟ್ ಅನ್ನುವ ಉಪಗ್ರಹ ಹಾರಿಸಿತು. ಶಿಕ್ಷಣಕ್ಕೆ ಅಂತಲೇ ಮಾಡಿದ್ದು. ಪ್ರಾಯೋಗಿಕವಾಗಿ ಮೊದಲು ಅದನ್ನು ಬಳಸಿದ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಟಿಯು ಒಂದು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಅದರಿಂದ ಪಾಠ ಹೋಯಿತು. ಒಳ್ಳೆಯ ಮೇಷ್ಟ್ರು ಸ್ಟುಡಿಯೊದಲ್ಲಿ ನಿಂತು ಹೇಳುತ್ತಾರೆ, ದೂರದ ಊರಿನ ಎಂಜಿನಿಯರಿಂಗ್ ಹುಡುಗರು ತಮ್ಮ ಕ್ಲಾಸಿನಲ್ಲಿ ಕೂತು ಕೇಳುತ್ತಾರೆ. ಮೇಷ್ಟ್ರೇ ಇಲ್ಲದ ಕಾಲೇಜಿಗೆ ಇದು ಸಣ್ಣ ಉಪಕಾರವಲ್ಲ. 2010ರಲ್ಲಿ ಆ ಉಪಗ್ರಹದ ಆಯಸ್ಸು ಮುಗಿಯಿತು.

ಆಮೇಲೆ ಲ್ಯಾಪ್‌ಟಾಪ್ ಬಂತು. 2017ರಲ್ಲಿ ಸ್ವಯಂ ಅನ್ನುವ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ಬಂತು. ಕೊರೋನಾ ನಡುವೆ, 2021ರಲ್ಲಿ, ಸರ್ಕಾರಿ ಪದವಿ ಕಾಲೇಜು ಮತ್ತು ಪಾಲಿಟೆಕ್ನಿಕ್ ಹುಡುಗರಿಗೆ ಒಂದೂವರೆ ಲಕ್ಷದಷ್ಟು ಟ್ಯಾಬ್ಲೆಟ್ ಹಂಚಿದರು. ಅದೇ ವರ್ಷ, ಪಾಠಗಳನ್ನು ಆನ್‌ಲೈನ್‌ನಲ್ಲಿ ಹಾಕಿಡುವ ಎಲ್‌ಎಂಎಸ್ ಅಂತ ಒಂದು ವ್ಯವಸ್ಥೆ ಶುರುವಾಯಿತು. ಅಡ್ಮಿಷನ್, ಪರೀಕ್ಷೆ, ರಿಸಲ್ಟ್‌ಗೆಲ್ಲ ಯುಯುಸಿಎಂಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆ ಬಂತು.

ಇಷ್ಟರಲ್ಲಿ ಒಂದು ಸಂಗತಿ ಮಾತ್ರ ಅಲುಗಾಡಲಿಲ್ಲ. ಒಬ್ಬರು ಹೇಳುವುದು, ಉಳಿದವರು ಕೇಳಿಸಿಕೊಳ್ಳುವುದು. ಉಪಗ್ರಹ ಆ ಧ್ವನಿಯನ್ನು ದೂರಕ್ಕೆ ಒಯ್ದಿತು. ಟ್ಯಾಬ್ಲೆಟ್ ಅದನ್ನು ಕೈಗೆ ಕೊಟ್ಟಿತು. ಎಲ್‌ಎಂಎಸ್ ಜೋಪಾನವಾಗಿ ಎತ್ತಿಟ್ಟಿತು. ಕ್ಲಾಸಿನ ಆ ಒಂದು ಗಂಟೆಯಲ್ಲಿ ಹುಡುಗರು ಏನು ಮಾಡುತ್ತಾರೆ ಅನ್ನುವುದನ್ನು ಯಾವುದೂ ಮುಟ್ಟಲಿಲ್ಲ.

ಕಲಿಕೆಯ ವಿನ್ಯಾಸ ಅಂತ ಈಗ ಟ್ರೇನಿಂಗ್‌ಗಳಲ್ಲಿ ಹೇಳುತ್ತಾರಲ್ಲ, ಅದರ ಅರ್ಥ ಇಷ್ಟೇ. ಆ ಗಂಟೆಯಲ್ಲಿ ಹುಡುಗ ಏನು ಮಾಡಬೇಕು ಅಂತ ಮೊದಲೇ ಯೋಚಿಸಿ ಇಟ್ಟುಕೊಳ್ಳುವುದು. ನಾನು ಏನು ಹೇಳಬೇಕು ಅಂತ ಅಲ್ಲ. ಕೇಳುವುದಕ್ಕೆ ಸಣ್ಣ ವ್ಯತ್ಯಾಸ. ನನಗೆ ಅದು ಅರ್ಥವಾಗುವುದಕ್ಕೆ ಹನ್ನೊಂದು ವರ್ಷ ಸರ್ವಿಸ್ ಬೇಕಾಯಿತು.

ಅರ್ಥ ಮಾಡಿಸಿದ್ದು ಟೊಮೆಟೊ.

ಮೊದಲ ಸೆಮಿಸ್ಟರ್‌ನಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂತ ಒಂದು ಪಾಠ ಇದೆ. ಹೆಸರು ಕೇಳಿದರೇ ಹುಡುಗರಿಗೆ ನಿದ್ದೆ ಬರುತ್ತದೆ. ಬೆಲೆ ಬದಲಾದರೆ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಅನ್ನುವುದೇ ಅದರ ತಿರುಳು. ಪ್ರತಿ ವರ್ಷ ವ್ಯಾಖ್ಯೆ ಬರೆಸುತ್ತಿದ್ದೆ, ಐದು ವಿಧ ಬರೆಸುತ್ತಿದ್ದೆ, ಐದು ಚಿತ್ರ ಬರೆಯುತ್ತಿದ್ದೆ. ಒಂದು ವರ್ಷ ಬರೆಸುವ ಮೊದಲು ಒಂದು ಪ್ರಶ್ನೆ ಹಾಕಿದೆ. ಈ ವರ್ಷ ಎಲ್ಲರ ಹೊಲದಲ್ಲೂ ಟೊಮೆಟೊ ಬಂಪರ್ ಬಂದಿದೆ. ರೈತರ ಕೈಗೆ ಬರುವ ಒಟ್ಟು ದುಡ್ಡು ಏನಾಗುತ್ತದೆ? ಎ, ಜಾಸ್ತಿಯಾಗುತ್ತದೆ. ಬಿ, ಕಡಿಮೆಯಾಗುತ್ತದೆ. ಸಿ, ಅಷ್ಟೇ ಇರುತ್ತದೆ. ಡಿ, ಹೇಳಕ್ಕಾಗಲ್ಲ.

ಉತ್ತರ ಕೈಯೆತ್ತಿ ಹೇಳಬೇಕಿರಲಿಲ್ಲ. ಪ್ಲಿಕರ್ಸ್ ಅಂತ ಒಂದು ಆ್ಯಪ್ ಇದೆ. ಅದರ ಕಾರ್ಡುಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಹಂಚಿದ್ದೆ. ಪ್ರತಿ ಕಾರ್ಡಿನ ಮೇಲೆ ಕಪ್ಪು ಬಿಳುಪಿನ ಒಂದೊಂದು ಗುರುತು. ಕಾರ್ಡನ್ನು ಯಾವ ಕಡೆ ತಿರುಗಿಸಿ ಹಿಡಿದರೆ ಯಾವ ಉತ್ತರ ಅಂತ ಲೆಕ್ಕ. ಮೇಷ್ಟ್ರು ತಮ್ಮ ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಒಂದು ಸುತ್ತು ಹಾಯಿಸಿದರೆ ಸಾಕು, ಯಾರು ಏನು ಹೇಳಿದರು ಅಂತ ಬರುತ್ತದೆ. ಹುಡುಗರ ಹತ್ತಿರ ಫೋನ್ ಬೇಡ, ನೆಟ್ ಬೇಡ. ಪಕ್ಕದವನ ಕಾರ್ಡ್ ನೋಡಿ ಅವನ ಉತ್ತರ ಹೇಳುವುದು ಕಷ್ಟ. ಹಾಗಾಗಿ ತಪ್ಪು ಹೇಳಿದರೆ ಅವಮಾನ ಅನ್ನುವ ಭಯ ಇಲ್ಲ. ಹಿಂದಿನ ಬೆಂಚಿನ ಹುಡುಗಿಯರು ಉತ್ತರ ಕೊಟ್ಟಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ಅರ್ಧಕ್ಕಿಂತ ಜಾಸ್ತಿ ಜನ ಎ ಅಂದಿದ್ದರು. ಬೆಳೆ ಜಾಸ್ತಿ, ಹಾಗಾಗಿ ದುಡ್ಡು ಜಾಸ್ತಿ. ಸರಿ ತಪ್ಪು ಹೇಳದೆ, ಪಕ್ಕದವರ ಜೊತೆ ಮೂರು ನಿಮಿಷ ಮಾತಾಡಿ ಅಂದೆ. ಕ್ಲಾಸು ಸಂತೆಯಾಯಿತು. ಅದರ ಮಧ್ಯೆ ಒಬ್ಬಳು ಹುಡುಗಿಯ ದನಿ ಕೇಳಿಸಿತು: “ಏ, ಹೋದ ಸಲ ನಮ್ಮಪ್ಪ ಟೊಮೆಟೊ ರೋಡಿಗೆ ಸುರಿದು ಬಂದ್ರು ಕಣೆ. ಬಾಕ್ಸು ಬಾಡಿಗೇನೂ ಹುಟ್ಟಲಿಲ್ಲ. ಜಾಸ್ತಿ ಬಂದಾಗ್ಲೇ ಹಾಗಾಗೋದು.”

ಎರಡನೇ ಸಲ ಕಾರ್ಡ್ ಎತ್ತಿಸಿದೆ. ಬಹಳಷ್ಟು ಜನ ಬಿಗೆ ತಿರುಗಿಸಿದ್ದರು. ಆಮೇಲೆ ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ನೂರು ಬಾಕ್ಸು, 400 ರೂಪಾಯಿ ರೇಟು, 40,000. ಮುಂದಿನ ವರ್ಷ 150 ಬಾಕ್ಸು, ರೇಟು 150ಕ್ಕೆ ಇಳಿಯಿತು, 22,500. ಟೊಮೆಟೊ ಅಗ್ಗವಾಯಿತು ಅಂತ ಯಾರೂ ಸಾರಿಗೆ ಎರಡರಷ್ಟು ಹಾಕಲ್ಲ. ಇನ್ನೊಂದು ತುದಿಯೂ ಅವರಿಗೆ ನೆನಪಿತ್ತು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತ್ತು. ಬೆಳೆ ಕಡಿಮೆ ಇತ್ತು, ಇದ್ದವರು ಲಕ್ಷ ಲಕ್ಷ ಎಣಿಸಿದರು. ಸ್ಥಿತಿಸ್ಥಾಪಕತ್ವ ಅನ್ನುವ ಶಬ್ದ ಬಂದಿದ್ದು ಕೊನೆಯ ಹತ್ತು ನಿಮಿಷದಲ್ಲಿ. ಅಷ್ಟು ಹೊತ್ತಿಗೆ ಅದಕ್ಕೆ ಕೂರಲು ಒಂದು ಜಾಗ ಸಿಕ್ಕಿತ್ತು.

ಇದು ನಾನು ಕಂಡುಹಿಡಿದ ವಿಧಾನವೇನೂ ಅಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಹೀಗೆ ಪಾಠ ಮಾಡುತ್ತಿದ್ದಾರೆ. ಅವರು ಇದಕ್ಕೆ ಬಂದ ದಾರಿ ಸ್ವಾರಸ್ಯವಾಗಿದೆ. ಅವರ ವಿದ್ಯಾರ್ಥಿಗಳು ಕಷ್ಟದ ಲೆಕ್ಕಗಳನ್ನು ಸಲೀಸಾಗಿ ಮಾಡುತ್ತಿದ್ದರು. ಬಲ, ಚಲನೆ ಬಗ್ಗೆ ತೀರ ಸರಳವಾದ, ಲೆಕ್ಕವಿಲ್ಲದ ಪ್ರಶ್ನೆ ಕೊಟ್ಟರೆ ಎಡವುತ್ತಿದ್ದರು. ಆ ಪರೀಕ್ಷೆ ಬರೆಯುವಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ, ನೀವು ಕಲಿಸಿದ ಹಾಗೆ ಬರೆಯಲಾ, ನಾನು ಯೋಚಿಸುವ ಹಾಗೆ ಬರೆಯಲಾ ಅಂತ. ಕಲಿಸಿದ್ದು ಒಂದು ಗೂಡಿನಲ್ಲಿ, ಯೋಚನೆ ಇನ್ನೊಂದು ಗೂಡಿನಲ್ಲಿ. ನನ್ನ ಟೊಮೆಟೊ ಕ್ಲಾಸಿನಲ್ಲೂ ಆಗಿದ್ದು ಅದೇ, ಆದರೆ ಉಲ್ಟಾ. ಹುಡುಗರ ಮನೆಯ ತಿಳಿವಳಿಕೆ ಸರಿಯಾಗಿತ್ತು. ಕ್ಲಾಸಿಗೆ ಬರುವಾಗ ಅದನ್ನು ಚಪ್ಪಲಿ ಜೊತೆ ಹೊರಗೆ ಬಿಟ್ಟು ಬರಬೇಕು ಅಂದುಕೊಂಡಿದ್ದರು.

ಇದರಿಂದ ಉಪಯೋಗ ಇದೆಯಾ ಅಂತ ಕೇಳಿದರೆ, ಪುರಾವೆ ಗಟ್ಟಿಯಾಗಿಯೇ ಇದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ 2014ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದರು. ಬರೀ ಉಪನ್ಯಾಸದ ಕ್ಲಾಸುಗಳಲ್ಲಿ ಫೇಲಾದವರು ಶೇ 34ರಷ್ಟು. ಹುಡುಗರಿಂದ ಏನಾದರೂ ಮಾಡಿಸುವ ಕ್ಲಾಸುಗಳಲ್ಲಿ ಶೇ 22ರಷ್ಟು.

ಹಾಗಿದ್ದರೆ ಎಲ್ಲರೂ ಯಾಕೆ ಮಾಡಲ್ಲ? ಮೇಷ್ಟ್ರುಗಳ ಸೋಮಾರಿತನ ಅನ್ನುವುದು ಸುಲಭದ ಉತ್ತರ. ಮೊದಲ ಅಡ್ಡಿ ಬರುವುದು ಹುಡುಗರ ಕಡೆಯಿಂದಲೇ. ಟೊಮೆಟೊ ಕ್ಲಾಸು ಮುಗಿದ ಮೇಲೆ ಇಬ್ಬರು ಸ್ಟಾಫ್ ರೂಮಿಗೆ ಬಂದರು. “ಸರ್, ಇವತ್ತು ಪಾಠ ಮಾಡ್ಲಿಲ್ಲ. ನೋಟ್ಸ್ ಯಾವಾಗ ಕೊಡ್ತೀರಾ?” ಆವತ್ತು ಬೇಜಾರಾಗಿತ್ತು. ಹಾರ್ವರ್ಡ್‌ನಲ್ಲೂ ಹೀಗೇ ಅಂತ ಆಮೇಲೆ ಗೊತ್ತಾಯಿತು. ಅಲ್ಲಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಪಾಠವನ್ನು ಎರಡು ಥರ ಮಾಡಿ ನೋಡಿದರು. ಒಂದು, ನಯವಾದ ಉಪನ್ಯಾಸ. ಇನ್ನೊಂದು, ಗುಂಪಿನಲ್ಲಿ ಕೂತು ಒದ್ದಾಡಿ ಬಿಡಿಸುವುದು. ಟೆಸ್ಟಿನಲ್ಲಿ ಜಾಸ್ತಿ ಬಂದಿದ್ದು ಒದ್ದಾಡಿದವರಿಗೆ. ಜಾಸ್ತಿ ಕಲಿತೆವು ಅಂತ ಅನಿಸಿದ್ದು ಉಪನ್ಯಾಸ ಕೇಳಿದವರಿಗೆ. ಚೆನ್ನಾಗಿ ಮಾತಾಡುವವರ ಪಾಠ ಕೇಳುವಾಗ ಎಲ್ಲವೂ ಅರ್ಥವಾಗುತ್ತದೆ, ಮನೆಗೆ ಹೋಗಿ ಕೂತರೆ ಏನೂ ಇರಲ್ಲ. ಹರಿಕಥೆ ಕೇಳಿ ಬಂದವನಿಗೆ ತಾನೇ ಹೇಳಬಲ್ಲೆ ಅನಿಸುವ ಹಾಗೆ. ವರ್ಷದ ಕೊನೆಯಲ್ಲಿ ಹುಡುಗರ ಕೈಲಿ ಫೀಡ್‌ಬ್ಯಾಕ್ ಫಾರಂ ತುಂಬಿಸುತ್ತೀವಿ. ಅದರಲ್ಲಿ ಯಾರಿಗೆ ಜಾಸ್ತಿ ಸ್ಟಾರ್ ಬೀಳುತ್ತದೆ ಅಂತ ಇನ್ನು ನೀವೇ ಊಹಿಸಿ.

ಆನ್‌ಲೈನ್ ಕೋರ್ಸುಗಳ ಕಡೆ ಬಂದರೂ ಇದೇ ನೂಲು. ಹಾರ್ವರ್ಡ್ ಮತ್ತು ಎಂಐಟಿ ಸೇರಿ ನಡೆಸಿದ ಎಡ್‌ಎಕ್ಸ್ ಕೋರ್ಸುಗಳಿಗೆ 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಶೇ 3ರ ಆಸುಪಾಸು. ಅದೇ ವೇದಿಕೆಯ ಲಕ್ಷಾಂತರ ವಿಡಿಯೊ ವೀಕ್ಷಣೆಗಳನ್ನು ಜಾಲಾಡಿದ 2014ರ ಅಧ್ಯಯನ ಇನ್ನೊಂದು ಹೇಳಿತ್ತು: ವಿಡಿಯೊ ಎಷ್ಟೇ ಉದ್ದ ಇರಲಿ, ನೋಡುವವರ ತಾಳ್ಮೆ ಸಾಮಾನ್ಯವಾಗಿ ಆರು ನಿಮಿಷದ ಒಳಗೆ. ನಾವು ಕೊರೋನಾ ಕಾಲದಲ್ಲಿ 50 ನಿಮಿಷದ ವಿಡಿಯೊ ಮಾಡಿ ಎಲ್‌ಎಂಎಸ್‌ಗೆ ಹಾಕಿ ಕೈ ತೊಳೆದುಕೊಂಡಿದ್ದೆವು. ನನ್ನ ಒಂದು ವಿಡಿಯೊದಲ್ಲಿ ಮಧ್ಯೆ ಕುಕ್ಕರ್ ವಿಷಲ್ ಕೇಳಿಸುತ್ತದೆ. ಹುಡುಗರಿಗೆ ಅದೊಂದು ಮಾತ್ರ ನೆನಪಿದೆ.

ವಿಡಿಯೊ ಅಂದರೆ ಕೆಲಸಕ್ಕೆ ಬಾರದ್ದು ಅಂತ ಅರ್ಥವಲ್ಲ. ಐಐಟಿ ಬಾಂಬೆಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಕಟ್ಟಿದ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಲಿಬ್ರೆ ಆಫೀಸ್, ಪೈಥಾನ್, ಸೈಲ್ಯಾಬ್ ಥರದ ಉಚಿತ ಸಾಫ್ಟ್‌ವೇರ್ ಕಲಿಸುವ, ಹತ್ತು ನಿಮಿಷದ ಆಸುಪಾಸಿನ ಪಾಠಗಳು. ಮೇಷ್ಟ್ರ ಮುಖ ಇಲ್ಲ, ಬರೀ ಕಂಪ್ಯೂಟರ್ ಪರದೆ ಮತ್ತು ಧ್ವನಿ. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ಅದೇ ಸಾಫ್ಟ್‌ವೇರ್ ತೆರೆದಿಟ್ಟುಕೊಳ್ಳಬೇಕು. ಅವರು ಒಂದು ಹೆಜ್ಜೆ ತೋರಿಸುತ್ತಾರೆ, ನಿಲ್ಲಿಸಿ ನೀವು ಮಾಡಬೇಕು. ಪಾಠದ ಬರಹ ಸಿದ್ಧವಾದ ಮೇಲೆ ವಿಷಯವೇ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಅರ್ಥವಾಗುತ್ತದಾ ಅಂತ ಪರೀಕ್ಷಿಸುತ್ತಾರೆ. ನಮ್ಮ ಪಠ್ಯಪುಸ್ತಕಗಳಿಗೂ ಹೀಗೊಂದು ಪರೀಕ್ಷೆ ಇದ್ದಿದ್ದರೆ ಎಷ್ಟು ಅಚ್ಚಾಗುತ್ತಿದ್ದವೋ.

ಅದರ ಕನ್ನಡ ಪಾಠಗಳಲ್ಲಿ ನನಗೆ ಹಿಡಿಸಿದ್ದು ಒಂದು ಜಾಣತನ. ಧ್ವನಿ ಕನ್ನಡದಲ್ಲಿ, ಪರದೆ ಇಂಗ್ಲಿಷಿನಲ್ಲೇ. ಅರ್ಥವಾಗುವುದು ತನ್ನ ಭಾಷೆಯಲ್ಲಿ, ಪರದೆ ಮಾತ್ರ ನಾಳೆ ಕೆಲಸಕ್ಕೆ ಹೋದಾಗ ಕಾಣುವ ಮೆನು ಹೇಗಿರುತ್ತದೋ ಹಾಗೇ. ಕನ್ನಡವೋ ಇಂಗ್ಲಿಷೋ ಅಂತ ವೇದಿಕೆ ಮೇಲೆ ಜಗಳ ಆಡುವಾಗ ಈ ಥರ ಬಿಡಿಸುವ ದಾರಿ ಯಾರಿಗೂ ಹೊಳೆಯಲ್ಲ. ಈ ವಿಡಿಯೊಗಳಿಗೆ ದುಬಾರಿ ಸ್ಟುಡಿಯೊ ಬೇಕಿಲ್ಲ. ಜಾಸ್ತಿ ಬೇಕಿರುವುದು ಬರೆಯುವ ಮೊದಲಿನ ಯೋಚನೆ.

ಅದೇ ಯೋಚನೆ ಎಐ ವಿಷಯಕ್ಕೂ ಬೇಕು. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂತು. ಎರಡು ಸೆಮಿಸ್ಟರ್ ಕಳೆಯುವುದರೊಳಗೆ ನನ್ನ ಟೇಬಲ್ ಮೇಲೆ ಬೀಳುವ ಅಸೈನ್‌ಮೆಂಟ್‌ಗಳೆಲ್ಲ ಅಣ್ಣತಮ್ಮಂದಿರಾದವು. ಯಾವತ್ತೂ ಹತ್ತು ಸಾಲು ದಾಟದ ಹುಡುಗ “ಬಹುಆಯಾಮದ ಪ್ರಭಾವ” ಅಂತ ಬರೆಯತೊಡಗಿದ. ಟರ್ಕಿಯಲ್ಲಿ ಸುಮಾರು ಸಾವಿರ ಪ್ರೌಢಶಾಲೆ ಮಕ್ಕಳ ಮೇಲೆ ಗಣಿತದಲ್ಲಿ ಒಂದು ಪ್ರಯೋಗ ನಡೆಯಿತು. ಕಾಲೇಜಿನದ್ದಲ್ಲ, ಆದರೂ ನಮಗೆ ಪಾಠ ಇದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಮಾಮೂಲಿ ಚಾಟ್‌ಬಾಟ್ ಸಿಕ್ಕ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಶೇ 48ರಷ್ಟು ಮುಂದೆ ಹೋದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಚಾಟ್‌ಬಾಟ್ ಮುಟ್ಟದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಇನ್ನೊಂದು ಗುಂಪಿಗೆ, ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಹಾಗೆ ಮೇಷ್ಟ್ರುಗಳು ತಿದ್ದಿದ ಚಾಟ್‌ಬಾಟ್ ಕೊಟ್ಟಿದ್ದರು. ಅವರು ಹಿಂದೆ ಬೀಳಲಿಲ್ಲ. ಯಂತ್ರ ಒಂದೇ, ಕಟ್ಟಿದ ರೀತಿ ಬೇರೆ.

ನಾನು ಅಸೈನ್‌ಮೆಂಟ್ ಬದಲಾಯಿಸಿದೆ. ನಿಮ್ಮೂರ ಸಂತೆಯಲ್ಲಿ ಮೂರು ವಾರ ಒಂದೇ ತರಕಾರಿಯ ರೇಟು ಬರೆದುಕೊಂಡು ಬನ್ನಿ, ಅದು ಯಾಕೆ ಏರಿತು ಅಥವಾ ಇಳಿಯಿತು ಅಂತ ವ್ಯಾಪಾರಿಯನ್ನು ಕೇಳಿ, ಬಂದು ನನ್ನೆದುರು ಮೂರು ನಿಮಿಷ ಹೇಳಿ. ಎಐ ಬೇಕಿದ್ದರೆ ಬಳಸಿ, ನಂದೇನೂ ತಕರಾರಿಲ್ಲ. ಹೂಕೋಸಿನ ವ್ಯಾಪಾರಿ ಬೈದಿದ್ದನ್ನು ಅದು ಹೇಳಿಕೊಡಲ್ಲ. ಚೆನ್ನಾಗಿ ಆಯಿತು. ಆದರೆ ಲೆಕ್ಕ ನೋಡಿ. ಕ್ಲಾಸಿನಲ್ಲಿ 58 ಜನ, ತಲಾ ಮೂರು ನಿಮಿಷ, ಹತ್ತಿರ ಹತ್ತಿರ ಮೂರು ಗಂಟೆ. ನನಗೆ ಅಂಥ ಮೂರು ಕ್ಲಾಸು.

ಎರಡನೇ ಅಡ್ಡಿ ಇದೇ, ಪುರುಸೊತ್ತು. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಟೊಮೆಟೊ ಥರದ ಒಂದು ಗಂಟೆಯನ್ನು ಹೊಸದಾಗಿ ಕಟ್ಟಲು ನನಗೆ ಎರಡು ಸಂಜೆ ಹಿಡಿಯಿತು. ಆ ಸಂಜೆಗಳು ಯಾರ ವರ್ಕ್‌ಲೋಡ್ ಪಟ್ಟಿಯಲ್ಲೂ ಬರಲ್ಲ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗೆ ವಾರಗಟ್ಟಲೆ ಧರಣಿ ಕೂತಿದ್ದು ಎಲ್ಲರಿಗೂ ನೆನಪಿದೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೀನೋ ಇಲ್ಲವೋ ಗೊತ್ತಿಲ್ಲದವರಿಗೆ, ಪಾಠವನ್ನು ಹೊಸದಾಗಿ ವಿನ್ಯಾಸ ಮಾಡಿ ಅಂತ ಒಂದು ದಿನದ ವರ್ಕ್‌ಶಾಪ್‌ನಲ್ಲಿ ಪಿಪಿಟಿ ತೋರಿಸಿದರೆ ಅವರು ನಗದೆ ಇನ್ನೇನು ಮಾಡುತ್ತಾರೆ? ಸ್ಮಾರ್ಟ್ ಬೋರ್ಡಿಗೆ ಟೆಂಡರ್ ಕರೆಯಬಹುದು, ಬಿಲ್ ಹಾಕಬಹುದು, ಉದ್ಘಾಟನೆ ಮಾಡಬಹುದು. ಮೇಷ್ಟ್ರ ಸಂಜೆಗೆ ಟೆಂಡರ್ ಇಲ್ಲ.

ಇದೆಲ್ಲದಕ್ಕಿಂತ ದೊಡ್ಡದು ಮೂರನೆಯದು. ಆಸ್ಟ್ರೇಲಿಯಾದ ಶಿಕ್ಷಣ ತಜ್ಞ ಜಾನ್ ಬಿಗ್ಸ್ 1990ರ ದಶಕದಲ್ಲಿ ಒಂದು ಮಾತನ್ನು ವಿವರವಾಗಿ ಹೇಳಿದ್ದರು. ಏನು ಕಲಿಯಬೇಕು, ಕ್ಲಾಸಿನಲ್ಲಿ ಏನು ಮಾಡಿಸುತ್ತೀವಿ, ಪರೀಕ್ಷೆಯಲ್ಲಿ ಏನು ಕೇಳುತ್ತೀವಿ, ಈ ಮೂರೂ ಒಂದಕ್ಕೊಂದು ಹೊಂದಬೇಕು. ಮೂರು ಕಲ್ಲಿನ ಒಲೆ ಇದ್ದ ಹಾಗೆ. ಒಂದು ಗಿಡ್ಡವಾದರೆ ಪಾತ್ರೆ ವಾಲುತ್ತದೆ. ನಮ್ಮ ಸಿಲಬಸ್ಸಿನ ಮೊದಲ ಪುಟದಲ್ಲಿ “ವಿದ್ಯಾರ್ಥಿಯು ವಿಶ್ಲೇಷಿಸಬಲ್ಲನು, ಅನ್ವಯಿಸಬಲ್ಲನು” ಅಂತೆಲ್ಲ ಚಂದವಾಗಿ ಬರೆದಿರುತ್ತದೆ. ಕೊನೆಯಲ್ಲಿ ಬರುವ ಕ್ವೆಶ್ಚನ್ ಪೇಪರ್ “ವಿವರಿಸಿ”, “ಟಿಪ್ಪಣಿ ಬರೆಯಿರಿ” ಬಿಟ್ಟು ಕದಲಲ್ಲ. ಹುಡುಗರು ದಡ್ಡರಲ್ಲ. ಅವರು ಮೊದಲ ಪುಟ ಓದುವುದಿಲ್ಲ, ಹಳೆಯ ಐದು ವರ್ಷದ ಪೇಪರ್ ಓದುತ್ತಾರೆ.

ಕರ್ನಾಟಕ 2021-22ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಾಗ ಒಂದು ಕಿಂಡಿ ತೆರೆದಿತ್ತು. ಸೆಮಿಸ್ಟರ್ ಪರೀಕ್ಷೆಗೆ 60 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 40. ಸಂತೆ ಸುತ್ತಿಸುವುದು, ಮಾತಾಡಿಸುವುದು, ಏನಾದರೂ ಕಟ್ಟಿಸುವುದು, ಎಲ್ಲಕ್ಕೂ ಆ 40ರಲ್ಲಿ ಜಾಗ ಇತ್ತು. ಹಾಗಂತ ಎಲ್ಲರೂ ಮಾಡಿದರು ಅಂತಲ್ಲ. ಎಷ್ಟೋ ಕಡೆ ಆ 40 ಅಂಕ ಕಣ್ಣು ಮುಚ್ಚಿ 36, 38 ಅಂತ ತುಂಬುವ ಕಾಲಂ ಆಯಿತು. 2024-25ರಿಂದ ರಾಜ್ಯ ಆ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಜೊತೆಗೆ ಬಹುತೇಕ ಪೇಪರ್‌ಗಳಲ್ಲಿ ಅಂಕ 80 ಮತ್ತು 20 ಆಯಿತು. ಆಂತರಿಕ ಅಂಕದ ದುರುಪಯೋಗ ತಡೆಯುವುದಕ್ಕೆ ಇದು ಒಳ್ಳೆಯದು ಅನ್ನುವವರಿದ್ದಾರೆ, ಅವರ ಮಾತಿನಲ್ಲಿ ಸತ್ಯವೂ ಇದೆ. ಆದರೆ ನನ್ನ ಲೆಕ್ಕದಲ್ಲಿ, ಅದೇ ವರ್ಷಗಳಲ್ಲಿ ಬಂದ ಯಾವ ಟ್ಯಾಬ್ಲೆಟ್, ಯಾವ ಎಲ್‌ಎಂಎಸ್‌ಗಿಂತಲೂ ಕ್ಲಾಸಿನ ಮೇಲೆ ಜಾಸ್ತಿ ಪರಿಣಾಮ ಮಾಡಿದ್ದು ಈ 20 ಅಂಕದ ಕಡಿತ. ತಂತ್ರಜ್ಞಾನದ ಸುದ್ದಿ ಪೇಪರಿನ ಮುಖಪುಟಕ್ಕೆ ಬಂತು. ಇದು ಒಂದು ಸುತ್ತೋಲೆಯಲ್ಲಿ ಮುಗಿಯಿತು.

ನಾನೇ ಅಧಿಕಾರದಲ್ಲಿದ್ದರೆ ಮೊದಲು ಕೈ ಹಾಕುವುದು ಕ್ವೆಶ್ಚನ್ ಪೇಪರಿಗೆ. ಹತ್ತು ಅಂಕದ ಒಂದೇ ಒಂದು ಪ್ರಶ್ನೆ ಬದಲಾಗಲಿ. ಸ್ಥಿತಿಸ್ಥಾಪಕತ್ವದ ವಿಧಗಳನ್ನು ವಿವರಿಸಿ ಅನ್ನುವ ಬದಲು, ಮೂರು ವರ್ಷದ ಈರುಳ್ಳಿ ರೇಟಿನ ಒಂದು ಪುಟ್ಟ ಪಟ್ಟಿ ಕೊಟ್ಟು, ರೈತನಿಗೆ ಯಾವ ವರ್ಷ ಲಾಭ, ಯಾಕೆ ಅಂತ ಕೇಳಲಿ. ಗೈಡ್ ಅಚ್ಚು ಹಾಕುವವರು ಒಂದು ವರ್ಷ ತಬ್ಬಿಬ್ಬಾಗುತ್ತಾರೆ. ಮುಂದಿನ ಜೂನ್‌ನಲ್ಲಿ ಮೇಷ್ಟ್ರುಗಳು ತಾವಾಗಿಯೇ ಸ್ಮಾರ್ಟ್ ಬೋರ್ಡಿನ ಬಟ್ಟೆ ತೆಗೆಯುತ್ತಾರೆ, ಯಾರೂ ಟ್ರೇನಿಂಗ್ ಕೊಡಬೇಕಿಲ್ಲ. ಮೌಲ್ಯಮಾಪನ ಕಷ್ಟವಾಗುತ್ತದೆ, ನಿಜ. ದಿನಕ್ಕೆ ಇಷ್ಟು ಪೇಪರ್ ಮುಗಿಸಬೇಕು ಅನ್ನುವ ಲೆಕ್ಕದಲ್ಲಿ ಕೂತವರಿಗೆ ಐದು ವಿಧ ಎಣಿಸುವುದು ಸುಲಭ, ಯೋಚನೆಗೆ ಅಂಕ ಹಾಕುವುದು ಕಷ್ಟ.

ಆ ಸೆಮಿಸ್ಟರ್ ಪರೀಕ್ಷೆ ಮುಗಿದ ದಿನ ಟೊಮೆಟೊ ಹುಡುಗಿ ಗೇಟಿನ ಹತ್ತಿರ ಸಿಕ್ಕಳು. ಸ್ಥಿತಿಸ್ಥಾಪಕತ್ವದ ಪ್ರಶ್ನೆ ಬಂದಿತ್ತು, ಹತ್ತು ಅಂಕಕ್ಕೆ. ಹೇಗೆ ಬರೆದೆ ಅಂತ ಕೇಳಿದೆ.

“ಚೆನ್ನಾಗಿ ಬರ್ದಿದೀನಿ ಸರ್. ಐದು ವಿಧ, ಐದು ಚಿತ್ರ.”

“ಟೊಮೆಟೊ?”

“ಇಲ್ಲ ಸರ್, ಅದು ಬರೀಲಿಲ್ಲ. ಗೈಡಲ್ಲಿ ಇರೋದೇ ಬರ್ದೆ. ಅದಕ್ಕೇ ಅಲ್ವಾ ಸರ್ ಮಾರ್ಕ್ಸ್ ಕೊಡೋದು?”

ಹೌದಮ್ಮ ಅಂದೆ. ಅವಳ ಬಸ್ಸು ಬಂತು.